ರೆಸ್ಟ್‌ಲೆಸ್ ಬ್ಯಾಂಡಿಟ್ ಅಂದ್ರೇನು? ಎನ್‌ಜಿಒಗಳಿಗೂ ಅದಕ್ಕೂ ಏನ್ ಸಂಬಂಧ?

ಎನ್‌ಜಿಒಗಳಲ್ಲಿ ಎಐ ಅಂದ ತಕ್ಷಣ ಈಗ ಎಲ್ರಿಗೂ ಹೊಳಿಯೋದು ಚಾಟ್‌ಬಾಟು, ಇಲ್ಲಾಂದ್ರೆ ಡೋನರ್‌ಗೆ ಕಳಿಸೋ ಪ್ರಪೋಸಲ್ ಬರೆಸ್ಕೊಳ್ಳೋದು. ಅದೂ ನಡೀತಿದೆ, ಸಿಕ್ಕಾಪಟ್ಟೆ ನಡೀತಿದೆ, ಆದ್ರೆ ಅದ್ರಲ್ಲಿ ಬಿಡಿಸಿ ಹೇಳೋ ಅಂಥದ್ದೇನಿಲ್ಲ. ತಿಳ್ಕೊಂಡಿರ್ಬೇಕಾದ ಪದ ಬೇರೆ ಒಂದಿದೆ, ರೆಸ್ಟ್‌ಲೆಸ್ ಮಲ್ಟಿ ಆರ್ಮ್ಡ್ ಬ್ಯಾಂಡಿಟ್ ಅಂತ. ರಿಸರ್ಚ್ ಪೇಪರ್‌ಗಳಲ್ಲಿ ಶಾರ್ಟಾಗಿ ಆರ್‌ಎಂಎಬಿ.

ಬ್ಯಾಂಡಿಟ್ ಅನ್ನೋ ಹೆಸರು ಜೂಜುಕಟ್ಟೆಯಿಂದ ಬಂದಿದ್ದು. ಕಾಸು ಹಾಕಿ ಜೂಜಾಡೋ ಹಳೇ ಸ್ಲಾಟ್ ಮೆಷೀನಿಗೆ ಪಕ್ಕದಲ್ಲಿ ಒಂದು ಹಿಡಿ ಇರ್ತಿತ್ತು, ಎಳೀತಾ ಕೂತ್ರೆ ಜೇಬು ಖಾಲಿ, ಅದಕ್ಕೇ ಅದನ್ನ ಒಂಟಿಗೈ ದರೋಡೆಕೋರ ಅಂತ ಕರೆದ್ರು. ಅಂಥ ಮೆಷೀನು ಹತ್ತಾರಿದ್ದು ನಮ್ ಹತ್ರ ಇರೋ ಕಾಸು ಸ್ವಲ್ಪನೇ ಆಗಿದ್ರೆ ಯಾವ ಹಿಡಿ ಎಳೀಬೇಕು, ಯಾವಾಗ ಎಳೀಬೇಕು ಅನ್ನೋ ಲೆಕ್ಕಾನೇ ಮಲ್ಟಿ ಆರ್ಮ್ಡ್ ಬ್ಯಾಂಡಿಟ್. ಹಳೇ ಲೆಕ್ಕದಲ್ಲಿ ನಾವು ಮುಟ್ಟದೇ ಇರೋ ಮೆಷೀನು ಇದ್ದ ಹಾಗೇ ಇರುತ್ತೆ. 1988ರಲ್ಲಿ ಪೀಟರ್ ವಿಟ್ಲ್ ಅನ್ನೋ ಗಣಿತಜ್ಞರು ಕೇಳಿದ್ದು, ನಾವು ಮುಟ್ಟದೇ ಇದ್ರೂ ಅವು ಒಳಗೊಳಗೇ ಬದಲಾಗ್ತಾ ಇದ್ರೆ ಏನ್ ಮಾಡೋದು ಅಂತ. ರೆಸ್ಟ್‌ಲೆಸ್ ಅನ್ನೋದು ಸೇರ್ಕೊಂಡಿದ್ದು ಅಲ್ಲಿಂದ.

ಈಗ ಮುಂಬೈಗೆ ಬರೋಣ. ಅಲ್ಲಿ ಅರ್ಮಾನ್ ಅಂತ ಒಂದು ಎನ್‌ಜಿಒ ಇದೆ, 2008ರಲ್ಲಿ ಡಾಕ್ಟರ್ ಅಪರ್ಣಾ ಹೆಗ್ಡೆ ಶುರು ಮಾಡಿದ್ದು. ಅವರ ಎಂಮಿತ್ರ ಅನ್ನೋ ಕಾರ್ಯಕ್ರಮದಲ್ಲಿ ಬಡ ಗರ್ಭಿಣಿಯರಿಗೆ, ಬಾಣಂತಿಯರಿಗೆ ಫ್ರೀಯಾಗಿ ರೆಕಾರ್ಡೆಡ್ ಕಾಲ್ ಹೋಗುತ್ತೆ, ಎಷ್ಟನೇ ತಿಂಗಳು, ಮಗು ಎಷ್ಟು ದೊಡ್ಡದು ಅನ್ನೋದಕ್ಕೆ ತಕ್ಕಂತೆ ಊಟ, ಮಾತ್ರೆ, ಲಸಿಕೆ ಹೀಗೆ ಆಯಾ ವಾರಕ್ಕೆ ಬೇಕಾದ ಮಾತು. ಸ್ಮಾರ್ಟ್‌ಫೋನ್ ಬೇಡ, ಓದು ಬರಹ ಬೇಡ. ಐಡಿಯಾ ಚೆನ್ನಾಗಿದೆ, ಆದ್ರೆ ಸೇರ್ಕೊಂಡ ಹೆಂಗಸರಲ್ಲಿ ತುಂಬಾ ಜನ ಬರ್ತಾ ಬರ್ತಾ ಕೇಳೋದು ಬಿಟ್ಟುಬಿಡ್ತಾರೆ. ಮನೇಲಿರೋದು ಒಂದೇ ಫೋನು ಅದೂ ಗಂಡನ ಜೇಬಲ್ಲಿ, ನಂಬರ್ ಚೇಂಜ್ ಆಗಿರುತ್ತೆ, ಕಾಲ್ ಬರೋ ಹೊತ್ತಿಗೆ ಇವಳು ಕೆಲಸಕ್ಕೆ ಹೋಗಿರ್ತಾಳೆ, ಹೀಗೆ ನೂರೆಂಟು. ಇದಕ್ಕೆ ಮದ್ದು ಅಂದ್ರೆ ಮನುಷ್ಯರೇ ಫೋನ್ ಮಾಡಿ ಏನಮ್ಮಾ ಯಾಕೆ ಕೇಳ್ತಿಲ್ಲ ಅಂತ ವಿಚಾರಿಸೋದು. ಹಾಗೆ ವಿಚಾರಿಸೋ ಕಾರ್ಯಕರ್ತೆಯರು ಇರೋದು ಕೆಲವೇ ಜನ, ಲಿಸ್ಟಲ್ಲಿರೋ ತಾಯಂದಿರು ಸಾವಿರಾರು, ಈ ವಾರ ಯಾರಿಗೆ ಮಾಡ್ಬೇಕು?

ಬ್ಯಾಂಡಿಟ್ ಬರೋದು ಇಲ್ಲಿ. ಒಬ್ಬೊಬ್ಬ ತಾಯೀನೂ ಒಂದೊಂದು ಆರ್ಮ್, ಅಂದ್ರೆ ಒಂದೊಂದು ಮೆಷೀನಿನ ಹಿಡಿ ಇದ್ದ ಹಾಗೆ. ಎರಡೇ ಸ್ಥಿತಿ, ಕೇಳ್ತಿದ್ದಾಳೆ ಅಥವಾ ಕೇಳ್ತಿಲ್ಲ. ನಾವು ಫೋನ್ ಮಾಡ್ಲಿ ಬಿಡ್ಲಿ ಅವಳ ಸ್ಥಿತಿ ವಾರದಿಂದ ವಾರಕ್ಕೆ ಬದಲಾಗ್ತಾನೇ ಇರುತ್ತೆ, ಫೋನ್ ಮಾಡಿದ್ರೆ ಬದಲಾಗೋ ಸಂಭವ ಬೇರೆ, ಮಾಡದಿದ್ರೆ ಬೇರೆ. ಹಳೇ ಡೇಟಾದಿಂದ ಈ ಸಂಭವಗಳನ್ನ ಅಂದಾಜು ಮಾಡೋದೇ ಮೆಷೀನ್ ಲರ್ನಿಂಗ್ ಕೆಲಸ. ಹೊಸದಾಗಿ ಸೇರಿದವಳ ಬಗ್ಗೆ ಡೇಟಾನೇ ಇರಲ್ಲ ಅಲ್ವಾ, ಹಾಗಾಗಿ ಒಂದೇ ಥರ ನಡ್ಕೊಂಡ ತಾಯಂದಿರನ್ನ ಗುಂಪು ಮಾಡಿ, ವಯಸ್ಸು, ಓದು, ಆದಾಯ, ಫೋನ್ ಯಾರದ್ದು ಅನ್ನೋದನ್ನೆಲ್ಲ ನೋಡಿ ಅವಳು ಯಾವ ಗುಂಪಿಗೆ ಹತ್ತಿರ ಅಂತ ಊಹಿಸ್ತಾರೆ. ಜಾತಿ, ಧರ್ಮ ಕೇಳೋದೇ ಇಲ್ಲ.

ಆಮೇಲೆ ಪ್ರತಿಯೊಬ್ಬರಿಗೂ ಒಂದು ಸ್ಕೋರ್ ಬರುತ್ತೆ, ಅದಕ್ಕೆ ವಿಟ್ಲ್ ಇಂಡೆಕ್ಸ್ ಅಂತ ಹೆಸರು. ಇಡೀ ವಿಷಯದಲ್ಲಿ ನಂಗೆ ತುಂಬಾ ಹಿಡಿಸಿದ್ದು ಇದೇ. ಈ ವಾರ ಈಕೆಗೆ ಫೋನ್ ಮಾಡದೇ ಸುಮ್ನಿದ್ರೆ ಲೆಕ್ಕದಲ್ಲಿ ಎನ್‌ಜಿಒಗೆ ಒಂದಿಷ್ಟು ಬೋನಸ್ ಪಾಯಿಂಟ್ ಸಿಗುತ್ತೆ ಅಂತ ಇಟ್ಕೊಳ್ಳಿ, ಎಷ್ಟು ಕೊಟ್ರೆ ಮಾಡೋದೂ ಮಾಡದಿರೋದೂ ಸಮ ಆಗುತ್ತೆ? ಆ ಮೊತ್ತವೇ ಇಂಡೆಕ್ಸ್. ಮೊತ್ತ ಜಾಸ್ತಿ ಇದ್ರೆ ಆ ಕಾಲ್ ಬಿಟ್ರೆ ನಷ್ಟ ಜಾಸ್ತಿ ಅಂತ. ಮೇಲಿಂದ ಎಷ್ಟು ಜನಕ್ಕೆ ಮಾಡೋಕಾಗುತ್ತೋ ಅಷ್ಟು ಹೆಸರು ತೆಗೆದು ಕಾರ್ಯಕರ್ತೆಯರಿಗೆ ಕೊಡ್ತಾರೆ.

ಗಮನಿಸಿ, ಇದು ಯಾರು ಬಿಟ್ಟುಹೋಗೋ ಸಾಧ್ಯತೆ ಹೆಚ್ಚು ಅನ್ನೋ ಲಿಸ್ಟ್ ಅಲ್ಲ. ಎಷ್ಟು ಸಲ ಫೋನ್ ಮಾಡಿದ್ರೂ ವಾಪಸ್ ಬರದೇ ಇರೋವ್ರು ಇರ್ತಾರೆ, ಫೋನೇ ಮಾಡದಿದ್ರೂ ಕೇಳ್ತಾನೇ ಇರೋವ್ರೂ ಇರ್ತಾರೆ, ಇಬ್ರಿಗೂ ಸ್ಕೋರ್ ಕಮ್ಮಿ. ಒಂದು ಫೋನ್ ಕಾಲಿಂದ ಯಾರ ವಿಷಯದಲ್ಲಿ ಹೆಚ್ಚು ವ್ಯತ್ಯಾಸ ಆಗುತ್ತೋ ಅವರೇ ಮೇಲೆ. ಎಐ ಅಂದ್ರೆ ಬರೀ ಭವಿಷ್ಯ ಹೇಳೋದು ಅಂದ್ಕೊಂಡಿರೋ ಫಂಡಿಂಗ್ ಸಂಸ್ಥೆಗಳಿಗೆ ಈ ವ್ಯತ್ಯಾಸ ಅರ್ಥ ಆಗೋದು ಕಷ್ಟ ಅನ್ಸುತ್ತೆ.

ಇದನ್ನ ಅರ್ಮಾನ್ ಜೊತೆ ಸೇರಿ ಮಾಡಿದ್ದು ಬೆಂಗಳೂರಲ್ಲಿರೋ ಗೂಗಲ್ ರಿಸರ್ಚ್ ಇಂಡಿಯಾ, ಎಐ ಸಂಶೋಧಕ ಮಿಲಿಂದ್ ತಾಂಬೆ ಅವರ ಟೀಮು. 2021ರಲ್ಲಿ ಸುಮಾರು 23,000 ತಾಯಂದಿರನ್ನ ಮೂರು ಗುಂಪು ಮಾಡಿ 7 ವಾರ ನೋಡಿದ್ರು. ಒಂದು ಗುಂಪಿಗೆ ವಿಶೇಷ ಫೋನ್ ಇಲ್ಲ, ಇನ್ನೊಂದಕ್ಕೆ ಸರದಿ ಪ್ರಕಾರ, ಮೂರನೇದಕ್ಕೆ ಬ್ಯಾಂಡಿಟ್ ಹೇಳಿದ ಹಾಗೆ. ಮೂರನೇ ಗುಂಪಲ್ಲಿ ಕೇಳೋದನ್ನ ಬಿಡೋದು ಉಳಿದೆರಡು ಗುಂಪಿಗಿಂತ ಸುಮಾರು 30% ಕಮ್ಮಿ ಆಯ್ತು. ಸರದಿ ಪ್ರಕಾರ ಫೋನ್ ಮಾಡಿದ್ರಲ್ಲ, ಅವರಿಗೂ ಏನೂ ಮಾಡದ ಗುಂಪಿಗೂ ಹೇಳ್ಕೊಳ್ಳೋ ವ್ಯತ್ಯಾಸ ಇರ್ಲಿಲ್ಲ, ಅಂದ್ರೆ ಅಷ್ಟೂ ಕಾಲ್ ಮಾಡಿದ ಶ್ರಮ ಹೆಚ್ಚುಕಮ್ಮಿ ನೀರಲ್ಲಿ ಹೋಮ. ಆಮೇಲೆ ಇದೇ ಸಿಸ್ಟಮ್ಮನ್ನ ಸಹೇಲಿ ಅನ್ನೋ ಹೆಸರಲ್ಲಿ ದಿನನಿತ್ಯದ ಕೆಲಸಕ್ಕೇ ಇಳಿಸಿದ್ರು.

ಆದ್ರೆ ಒಂದು ತಕರಾರು ಇದ್ದೇ ಇದೆ. ಇಲ್ಲಿ ಕೇಳಿದ್ದಾಳೆ ಅನ್ನೋದಕ್ಕೆ ಅಳತೆ ಏನು ಗೊತ್ತಾ, 30 ಸೆಕೆಂಡಿಗಿಂತ ಜಾಸ್ತಿ ಲೈನಲ್ಲಿ ಇರೋದು. ಅಲ್ಗಾರಿದಮ್ ದುಡೀತಿರೋದು ಆ 30 ಸೆಕೆಂಡಿಗೋಸ್ಕರ, ತಾಯಿ ಮಾತ್ರೆ ನುಂಗಿದ್ಲಾ, ಮಗೂಗೆ ಲಸಿಕೆ ಹಾಕಿಸಿದ್ಲಾ ಅನ್ನೋದು ಈ ಅಳತೆಯೊಳಗೆ ಇಲ್ಲ. ಇನ್ನೊಂದು, ಯಾವ ಸಲನೂ ಸ್ಕೋರ್ ಮೇಲೆ ಬರದೇ ಇರೋ ತಾಯಿಗೆ ಫೋನೇ ಹೋಗಲ್ಲ, ಅವಳು ಯಾಕೆ ಬಿಟ್ಲು ಅನ್ನೋದೂ ಗೊತ್ತಾಗಲ್ಲ, ಗೊತ್ತಾಗದೇ ಇದ್ರೆ ಮುಂದಿನ ಅಂದಾಜೂ ಅದೇ ಹಳೇದೇ. ಕೆಲವರು ಇದಕ್ಕೆ ಪ್ರತಿ ತಾಯಿಗೂ ಕನಿಷ್ಠ ಇಷ್ಟು ಸಲ ಸರದಿ ಬರ್ಲೇಬೇಕು ಅಂತ ಒಂದು ಷರತ್ತು ಸೇರಿಸಿ ಲೆಕ್ಕ ಮಾಡ್ತಾರೆ, ಆಗ ಒಟ್ಟು ಲಾಭ ಸ್ವಲ್ಪ ಕಮ್ಮಿ ಆಗುತ್ತೆ. ಎಷ್ಟು ಕಮ್ಮಿ ಆದ್ರೆ ಪರವಾಗಿಲ್ಲ ಅನ್ನೋದನ್ನ ಕೋಡ್ ಬರೆಯೋರಲ್ಲ, ಎನ್‌ಜಿಒದವರೇ ಕೂತು ತೀರ್ಮಾನ ಮಾಡ್ಬೇಕು.