ಗುಬ್ಬಿ ಮರಿ ಅಂತ ತಂದಿರಾ? ಮೊದಲು ಬಾಯಿ ನೋಡೋಣ

ಮಳೆಗಾಲ ಮುಗಿಯುತ್ತಾ ಬಂತು ಅಂದರೆ ನನ್ನ ಕ್ಲಿನಿಕ್ಕಿಗೆ ಚಪ್ಪಲಿ ಡಬ್ಬಿಗಳು ಬರಲು ಶುರು. ಮುಚ್ಚಳಕ್ಕೆ ತೂತು, ಒಳಗೆ ಹತ್ತಿ, ಹತ್ತಿಯ ಮೇಲೆ ಕಂದು ಬಣ್ಣದ ಒಂದು ಪುಟ್ಟ ಉಂಡೆ. "ಡಾಕ್ಟ್ರೇ, ಗುಬ್ಬಿ ಮರಿ. ಹಾಲು ಕುಡಿಸಿದ್ದೀವಿ."

ಹಕ್ಕಿಗೆ ಹಾಲು ದಕ್ಕುವುದಿಲ್ಲ. ಅದನ್ನು ಹೇಳಿ ಹೇಳಿ ಸಾಕಾಗಿದೆ, ಬಿಡಿ. ಇವತ್ತು ಗುಬ್ಬಿಯ ವಿಷಯ.

ಆ ಡಬ್ಬಿಗಳಲ್ಲಿ ಬಹಳಷ್ಟು ಸಲ ಇರುವುದು ರಾಟವಾಳದ ಮರಿ, ಅಂದರೆ ಮುನಿಯಾ. ಚಿಕ್ಕದು, ಕಂದು, ಕೊಕ್ಕು ದಪ್ಪ, ಕಾಳು ತಿನ್ನುತ್ತದೆ, ಹಾಗಾಗಿ ಗುಬ್ಬಿ ಅನ್ನುವುದು ನಿಮ್ಮ ಲೆಕ್ಕ. ಅಡಕತ್ತರಿ ಇರುವ ಮನೆಗಳೆಲ್ಲ ನೆಂಟರ ಮನೆಗಳಾ? ಕಾಳಿನ ಸಿಪ್ಪೆ ಬಿಡಿಸಬೇಕಾದ ಹಕ್ಕಿಗೆ ದಪ್ಪ ಕೊಕ್ಕು ಬೇಕು, ಅಷ್ಟೇ. ಗುಬ್ಬಿಯದು ಪ್ಯಾಸರಿಡೇ ಕುಟುಂಬ, ಗೀಜಗನದು ಪ್ಲೋಸಿಡೇ, ರಾಟವಾಳದ್ದು ಎಸ್ಟ್ರಿಲ್ಡಿಡೇ. ಅಂಗಡಿಯಲ್ಲಿ ಮಾರುವ ಆಸ್ಟ್ರೇಲಿಯಾದ ಜೀಬ್ರಾ ಫಿಂಚ್ ಇದಕ್ಕೆ ಗುಬ್ಬಿಗಿಂತ ಹತ್ತಿರದ ಸಂಬಂಧಿ. ನಿಮ್ಮ ಮೇಲೆ ಪೂರ್ತಿ ಕೋಪವೇನಿಲ್ಲ. ಜೀವಿಗಳನ್ನು ವಿಂಗಡಿಸಿ ಹೆಸರಿಟ್ಟ ವಿಜ್ಞಾನಿ ಲಿನೇಯಸ್ ಕೂಡ 1758ರಲ್ಲಿ ಚುಕ್ಕೆ ರಾಟವಾಳವನ್ನು ಲಾಕ್ಸಿಯಾ ಕುಲಕ್ಕೆ ಸೇರಿಸಿದ್ದ. ಆ ಹೆಸರು ಈಗ ಉಳಿದಿರುವುದು ಚಳಿ ದೇಶಗಳ ಪೈನ್ ಕಾಡಿನ, ಕೊಕ್ಕಿನ ತುದಿ ಒಂದರ ಮೇಲೊಂದು ದಾಟುವ ಹಕ್ಕಿಗಳಿಗೆ.

ಹೆಸರು ಯಾವುದಾದರೇನು ಅಂತೀರಾ? ಊಟ ಬೇರೆ, ಸ್ವಾಮಿ. ಗುಬ್ಬಿ ತನ್ನ ಮರಿಗೆ ಮೊದಮೊದಲು ಹುಳು ತಂದು ತಿನ್ನಿಸುತ್ತದೆ. ರಾಟವಾಳ ಮುಖ್ಯವಾಗಿ ಎಳೆ ಹುಲ್ಲಿನ ಬೀಜ ತಿಂದು, ಅದನ್ನೇ ಕಕ್ಕಿ ಮರಿಯ ಬಾಯಿಗೆ ಹಾಕುತ್ತದೆ. ಗುಬ್ಬಿ ಅಂದುಕೊಂಡು ಹುಳು ತುರುಕಿದರೆ ಮರಿ ಸೊರಗಬಹುದು.

ಅದಕ್ಕೇ ಬಾಯಿ ನೋಡಿ ಅನ್ನುವುದು. ಬಲವಂತವಾಗಿ ತೆರೆಯಬೇಡಿ, ಹಸಿದರೆ ಅದೇ ತೆರೆಯುತ್ತದೆ. ಗುಬ್ಬಿ ಮರಿ ಕತ್ತು ಮೇಲಕ್ಕೆ ಚಾಚಿ ಬಾಯಿ ಬಿಡುತ್ತದೆ. ರಾಟವಾಳದ ಮರಿ ತಲೆ ತಗ್ಗಿಸಿ, ಕತ್ತು ತಿರುಚಿ, ಬಾಯಿಯನ್ನು ಮಾತ್ರ ಮೇಲೆ ಮಾಡುತ್ತದೆ. ಆಗ ಅಂಗುಳದಲ್ಲಿ ಕಪ್ಪು ಗುರುತು ಕಾಣುತ್ತದೆ, ಶಾಯಿಯಲ್ಲಿ ಕುದುರೆ ಲಾಳ ಬರೆದ ಹಾಗೆ. ಗುಬ್ಬಿ ಮರಿಯ ಬಾಯಲ್ಲಿ ಈ ಚಿತ್ತಾರ ಇಲ್ಲ. ರೆಕ್ಕೆಯ ಬಣ್ಣ ನೋಡಬೇಡಿ, ಬಾಯಿ ನೋಡಿ. ಇನ್ನೊಮ್ಮೆ ಹೇಳುತ್ತೇನೆ, ಬಾಯಿ! ಬೆಳೆದ ಹಕ್ಕಿಯಾದರೆ ತೂಕ ಸಾಕು. ಚುಕ್ಕೆ ರಾಟವಾಳ ಹೆಚ್ಚೆಂದರೆ ಎರಡು ಹತ್ತು ರೂಪಾಯಿ ನಾಣ್ಯದಷ್ಟು, ಅದೇ, ಅಂಗಡಿಯವರು ಬೇಡ ಅನ್ನುವ ನಾಣ್ಯ. ಗುಬ್ಬಿ ಅದರ ಸುಮಾರು ಎರಡರಷ್ಟು.

ರಾಟವಾಳ ಅಂತ ಗೊತ್ತಾದರೂ ಯಾವ ರಾಟವಾಳ ಅಂತ ಫೋಟೋ ನೋಡಿ ನಾನು ಹೇಳುವುದಿಲ್ಲ. ಎಳೆಯವು ಬಹುತೇಕ ಒಂದೇ ಥರ. ಸಿಕ್ಕ ಜಾಗ ಹೇಳಿದರೆ ಒಂದಿಷ್ಟು ಊಹಿಸಬಹುದು. ಬಯಲುಸೀಮೆಯ ಕುರುಚಲಿನಲ್ಲಿ ಬೆಳ್ಳಿ ಕೊಕ್ಕಿನದು ಜಾಸ್ತಿ, ಕೆರೆ ಅಂಚಿನ ಜೊಂಡಿನಲ್ಲಿ ಕೆಂಪು ರಾಟವಾಳ ಇರಬಹುದು. ಮನೆಯಲ್ಲಿ ಸಾಕಿಕೊಳ್ಳುತ್ತೀನಿ ಅನ್ನುವವರಿಗೆ 1972ರ ವನ್ಯಜೀವಿ ಕಾಯ್ದೆ ಇದೆ, ನೆನಪಿರಲಿ.

ಹೋದ ವರ್ಷ ಒಬ್ಬರು ಅಪಾರ್ಟ್‌ಮೆಂಟಿನಿಂದ ಮೂರು ಮರಿ ತಂದರು. "ನಮ್ಮ ವಾಚ್‌ಮನ್ ಏನೇನೋ ಹೇಳ್ತಾರೆ ಡಾಕ್ಟ್ರೇ" ಅಂತ ನಕ್ಕರು. ಚಿತ್ರದುರ್ಗದ ಕಡೆಯ ಹಿರಿಯರಂತೆ. ಡಬ್ಬಿ ನೋಡಿದವರೇ, "ಇದು ಗುಬ್ಬಿ ಅಲ್ಲಮ್ಮ, ನವಣೆ ತೆನೆಗೆ ಹಿಂಡಾಗಿ ಬೀಳ್ತಾವಲ್ಲ, ಅದು" ಅಂದಿದ್ದರು. ಅವರು ಹೇಳಿದ್ದೇ ಸರಿ.

"ಗೂಡು ಎಲ್ಲಿತ್ತು?" ಅಂದೆ. ಪಕ್ಕದ ಖಾಲಿ ಸೈಟಿನ ಪೊದೆಯಲ್ಲಿ, ಹುಲ್ಲಿನ ಚೆಂಡಿನ ಥರ, ಪಕ್ಕದಲ್ಲಿ ಬಾಗಿಲು. ಹಾವು ಬರುತ್ತೆ ಅಂತ ಸೈಟನ್ನೆಲ್ಲ ಸವರಿಸಿದ್ದರು, ಅದೂ ಹುಲ್ಲು ಬೀಜ ಕಟ್ಟಿದ ಹೊತ್ತಿಗೆ ಸರಿಯಾಗಿ. ಗೂಡು, ಊಟ ಎರಡೂ ಒಂದೇ ದಿನ ಹೋಯಿತು. ಎರಡು ಮರಿ ಉಳಿದವು.

ಈಚೆಗೆ ಫೋನ್ ಮಾಡಿದ್ದರು. ಆ ಹಕ್ಕಿಗಳಿಗಾಗಿ ಬಾಲ್ಕನಿಯಲ್ಲಿ ಗುಬ್ಬಿ ಪೆಟ್ಟಿಗೆ ನೇತುಹಾಕಿದ್ದಾರಂತೆ.