ತಿಪ್ಪೆಗೂ ಬಾಯಾರಿಕೆ

ಮೇ ತಿಂಗಳಲ್ಲಿ ಆಳಂದ ಕಡೆಯ ನಮ್ಮ ಊರಿಗೆ ಹೋಗಿದ್ದೆ. ಕಾಕಾ ತಿಪ್ಪೆ ಎತ್ತಿಸುತ್ತಿದ್ದರು. ಟ್ರ್ಯಾಕ್ಟರ್ ನಿಂತಿತ್ತು, ಇಬ್ಬರು ಸಲಿಕೆಯಿಂದ ಗೊಬ್ಬರ ತುಂಬುತ್ತಿದ್ದರು. ಹೊರಗೆ 43 ಡಿಗ್ರಿ ಬಿಸಿಲು. ನಾನು ತಿಪ್ಪೆಯೊಳಗೆ ಮೊಣಕೈವರೆಗೆ ಕೈ ಇಟ್ಟು ನೋಡಿದೆ. ಬಿಸಿಯೇ ಇಲ್ಲ! ಹೋದ ವರ್ಷ ಹಾಕಿದ ಜೋಳದ ಕಣಕಿ ಹಾಕಿದ ಹಾಗೇ ಹೊರಗೆ ಬರುತ್ತಿತ್ತು. ತೊಗರಿ ಕಟ್ಟಿಗೆಯ ತುಂಡುಗಳನ್ನಂತೂ ಒಲೆಗೆ ಹಾಕಬಹುದಿತ್ತು.

"ಕಾಕಾ, ಇದು ಇನ್ನಾ ಹಸಿ ಅದ" ಅಂದೆ.

"ಏ, ವರ್ಷ ಆತಲ್ಲೋ. ಇನ್ನೇನು ಬೇಕದಕ?"

ತಿಪ್ಪೆಯ ಲೆಕ್ಕವನ್ನು ನಾವು ತಿಂಗಳಲ್ಲಿ ಹಾಕುತ್ತೇವೆ. ಬೆಂದಿದೆಯೋ ಇಲ್ಲವೋ ಅಂತ ನೋಡುವುದು ಕಡಿಮೆ. ಬೇಯುವುದು ಅನ್ನುವ ಮಾತನ್ನು ನಾನು ಸುಮ್ನೆ ಬಳಸುತ್ತಿಲ್ಲ. ಸಗಣಿ, ಕಸ, ಕಣಕಿ ಸರಿಯಾಗಿ ಕೂಡಿದರೆ ತಿಪ್ಪೆಯ ನಡುಭಾಗ ನಾಲ್ಕೈದು ದಿನದಲ್ಲೇ 55ರಿಂದ 65 ಡಿಗ್ರಿಗೆ ಏರುತ್ತದೆ. ಆ ಕಾವು ಬಿಸಿಲಿನದ್ದಲ್ಲ. ಕಣ್ಣಿಗೆ ಕಾಣದ ಕೋಟಿಗಟ್ಟಲೆ ಬ್ಯಾಕ್ಟೀರಿಯಾಗಳು ಕಸ ತಿಂದು ಉಸಿರಾಡುವಾಗ ಬಿಡುವ ಕಾವು. ಓಡಿ ಬಂದರೆ ನಮ್ಮ ಮೈ ಬಿಸಿಯಾಗುವುದಿಲ್ವಾ, ಹಾಗೆ. ಮೊದಲು ಸಾಧಾರಣ ಬ್ಯಾಕ್ಟೀರಿಯಾ ಕೆಲಸ ಶುರು ಮಾಡುತ್ತವೆ. ಕಾವು 45 ದಾಟಿದ ಮೇಲೆ ಅವು ಹಿಂದೆ ಸರಿದು, ಬಿಸಿಯನ್ನೇ ಇಷ್ಟಪಡುವ ಇನ್ನೊಂದು ಗುಂಪು ಬರುತ್ತದೆ. 70 ದಾಟಿದರೆ ಅವುಗಳಲ್ಲೂ ಹೆಚ್ಚಿನವು ಸಾಯುತ್ತವೆ.

ಚಳಿ ದೇಶದವರಿಗೆ ಈ ಕಾವಿನ ಬೆಲೆ ಚೆನ್ನಾಗಿ ಗೊತ್ತಿತ್ತು. 19ನೇ ಶತಮಾನದಲ್ಲಿ ಪ್ಯಾರಿಸ್ ಸುತ್ತಲಿನ ತೋಟಗಾರರು ಊರಿನ ಕುದುರೆಗಳ ಹಸಿ ಲದ್ದಿ ತಂದು ದಪ್ಪಗೆ ಹಾಸುತ್ತಿದ್ದರು. ಅದರ ಮೇಲೆ ಮಣ್ಣು, ಮೇಲೊಂದು ಗಾಜಿನ ಮುಚ್ಚಳ. ಹೊರಗೆ ಹಿಮ ಬಿದ್ದಿದ್ದರೂ ಒಳಗೆ ಸೊಪ್ಪು ಬೆಳೆಯುತ್ತಿತ್ತು. ಅವರ ಚಿಂತೆಯೆಲ್ಲ ತಿಪ್ಪೆ ತಣ್ಣಗಾಗಬಾರದು ಅಂತ. ನಮ್ಮ ಕಲಬುರಗಿಯಲ್ಲಿ ತಿಪ್ಪೆಯ ಶತ್ರು ಬೇರೆ, ಅದಕ್ಕೆ ಆಮೇಲೆ ಬರುತ್ತೇನೆ.

ಕಾವು ಯಾಕೆ ಬೇಕು? ರೋಗದ ಸೂಕ್ಷ್ಮಾಣುಗಳು 55 ಡಿಗ್ರಿಯಲ್ಲಿ ಕೆಲವು ದಿನ ಕಳೆದರೆ ಸಾಯುತ್ತವೆ. ಹೆಚ್ಚಿನ ಕಳೆ ಬೀಜಗಳಿಗೆ 60ರ ಹತ್ತಿರ ಬೇಕು. ಆದರೆ ಈ ಕಾವು ಇರುವುದು ನಡುಭಾಗದಲ್ಲಿ ಮಾತ್ರ, ಅಂಚು ತಣ್ಣಗೇ ಇರುತ್ತದೆ. ಹಾಗಾಗಿ ಅಮೆರಿಕದ ನಿಯಮದಲ್ಲಿ, ಬಯಲಲ್ಲಿ ಸಾಲಾಗಿ ಹಾಕಿದ ರಾಶಿ 15 ದಿನ 55 ಡಿಗ್ರಿ ಕಾಯ್ದುಕೊಳ್ಳಬೇಕು, ಅಷ್ಟರಲ್ಲಿ 5 ಸಲ ತಿರುವಿ ಹಾಕಬೇಕು ಅಂತಿದೆ. ನಮ್ಮಲ್ಲಿ ತಿಪ್ಪೆ ತಿರುವುವವರು ಯಾರು? ಬೀಜ ಕಟ್ಟಿದ ಕಾಂಗ್ರೆಸ್ ಕಸ ಕಿತ್ತು ತಿಪ್ಪೆಗೆ ಎಸೆಯುತ್ತೇವೆ, ಮುಂದಿನ ವರ್ಷ ಅದೇ ಬೀಜವನ್ನು ಟ್ರ್ಯಾಕ್ಟರ್ ಬಾಡಿಗೆ ಕೊಟ್ಟು ಹೊಲಕ್ಕೆ ಒಯ್ಯುತ್ತೇವೆ.

ಬೇಯದ ಗೊಬ್ಬರದ ಪೆಟ್ಟು ನಾನೂ ತಿಂದಿದ್ದೇನೆ. ಕಲಬುರಗಿಯ ಮನೆಯ ಮಾಳಿಗೆ ಮೇಲೆ ಕುಂಡಗಳಲ್ಲಿ ಮೆಣಸಿನಕಾಯಿ ಹಾಕಿದ್ದೆ. ಯಾರೋ ಮಾರಿದ ಒಂದು ಚೀಲ ಗೊಬ್ಬರ ಸುರಿದೆ, ತುಂಬ ಹುಲ್ಲಿತ್ತು. ಹದಿನೈದು ದಿನದಲ್ಲಿ ಎಲೆಗಳೆಲ್ಲ ಹಳದಿ. ಗೊಬ್ಬರ ಹಾಕಿದ ಮೇಲೆ ಗಿಡ ಉಪವಾಸ ಬೀಳುವುದು ಹೇಗೆ? ಬ್ಯಾಕ್ಟೀರಿಯಾಗಳ ಊಟದಲ್ಲಿ 1 ಪಾಲು ಸಾರಜನಕಕ್ಕೆ 25ರಿಂದ 30 ಪಾಲು ಇಂಗಾಲ ಇದ್ದರೆ ಹದ. ಸಗಣಿಯಲ್ಲಿ ಇದು 20ರ ಆಸುಪಾಸು. ಕಣಕಿಯಲ್ಲಿ 60 ದಾಟುತ್ತದೆ. ಹುಲ್ಲು ಜಾಸ್ತಿಯಾದರೆ ಇಂಗಾಲ ಜಾಸ್ತಿ. ಆಗ ಬ್ಯಾಕ್ಟೀರಿಯಾಗಳು ಕೊರತೆಯ ಸಾರಜನಕವನ್ನು ಮಣ್ಣಿನಿಂದಲೇ ಎಳೆದುಕೊಳ್ಳುತ್ತವೆ, ಗಿಡದ ಬಾಯಿಗೆ ಬರುವ ತುತ್ತು ಅವುಗಳ ಪಾಲಾಗುತ್ತದೆ.

ತೊಗರಿ ಬೆಳೆಯುವವರಿಗೆ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ತೊಗರಿ ಬೇರಿನ ಗಂಟುಗಳಲ್ಲಿ ಗಾಳಿಯ ಸಾರಜನಕ ಹಿಡಿಯುವ ಬ್ಯಾಕ್ಟೀರಿಯಾ ಇರುತ್ತವೆ, ಅದರ ಸಂಸಾರ ಅದು ನೋಡಿಕೊಳ್ಳುತ್ತದೆ. ಜೋಳ ಬಿತ್ತಿ ನೋಡಿ, ಅದು ದೂರು ಹೇಳುತ್ತದೆ.

ಇನ್ನು ನಮ್ಮ ಶತ್ರು. ಅದು ಒಣಗುವುದು. ತಿಪ್ಪೆಯ ತೂಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು, ಅಂದರೆ 50ರಿಂದ 60 ಶೇಕಡಾ, ನೀರಿರಬೇಕು. ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ಒಂದೆರಡು ಹನಿ ಕಾಣಬೇಕು, ಉಂಡೆ ಒಡೆಯಬಾರದು. ಬ್ಯಾಕ್ಟೀರಿಯಾಗಳು ಬದುಕುವುದು ಕಸದ ಮೇಲಿನ ತೆಳು ನೀರಿನ ಪದರದಲ್ಲಿ. ಅದು ಆರಿದರೆ ಕೆಲಸ ಬಂದ್. ಕಾಕಾನ ತಿಪ್ಪೆ ಸಂಕ್ರಾಂತಿ ಆದ ಮೇಲೆ ಬೇಯುವುದನ್ನೇ ಬಿಟ್ಟಿತ್ತು, ಅಷ್ಟೇ. ಒಳಗೆ ಅಲ್ಲಲ್ಲಿ ಬೂದಿ ಬಳಿದಂಥ ಬಿಳಿ ಪದರ ಕಂಡಿತು. ಕಾಕಾ ಅದನ್ನು ಒಳ್ಳೆ ಗುರುತು ಅಂತ ತಿಳಿದಿದ್ದರು. ನೀರಿಲ್ಲದೆ ಬಿಸಿ ಏರಿ ಒಣಗಿದ ಕಡೆ ಬೆಳೆಯುವ ಬೂಷ್ಟಿನಂಥ ಜೀವಿಗಳ ಗುರುತು ಅದು.

ಬ್ರಿಟಿಷ್ ಕೃಷಿ ವಿಜ್ಞಾನಿ ಆಲ್ಬರ್ಟ್ ಹೋವಾರ್ಡ್ 1924ರಿಂದ 1931ರವರೆಗೆ ಇಂದೋರಿನಲ್ಲಿ ಕಾಂಪೋಸ್ಟ್ ಪದ್ಧತಿ ರೂಪಿಸಿದರು. ಪದರ ಪದರವಾಗಿ ಹಾಕಿ, ನೀರು ಚಿಮುಕಿಸಿ, ಮತ್ತೆ ಮತ್ತೆ ತಿರುವಬೇಕು. ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಆದರೆ ಆಳು ಬೇಕು, ನೀರು ಬೇಕು. ನಮ್ಮ ಕಡೆ ಎರಡಕ್ಕೂ ಬರ. 1939ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಿ.ಎನ್. ಆಚಾರ್ಯ ಬೇರೆ ದಾರಿ ಹಿಡಿದರು. ತಗ್ಗು ತೋಡಿ, ಒದ್ದೆ ಪದರಗಳನ್ನು ತುಂಬಿ, ಮೇಲೆ ಕೆಸರು ಮೆತ್ತಿ ಬಿಟ್ಟುಬಿಡಬೇಕು. ಮೊದಲ ಕೆಲವು ದಿನ ಕಾವೇರುತ್ತದೆ, ಆಮೇಲೆ ಗಾಳಿಯಿಲ್ಲದೆ ನಿಧಾನವಾಗಿ ಕೊಳೆಯುತ್ತದೆ. 6ರಿಂದ 8 ತಿಂಗಳು ಬೇಕು. ಅಂಚಿನ ಕಳೆ ಬೀಜ ಇದರಲ್ಲಿ ಅಷ್ಟು ಚೆನ್ನಾಗಿ ಸಾಯುವುದಿಲ್ಲ ನಿಜ, ಆದರೆ ನೀರು ಆರುವುದಿಲ್ಲ, ಸಾರಜನಕ ಹಾರುವುದು ಕಡಿಮೆ. ಕಲಬುರಗಿಗೆ ನನ್ನ ಮತ ಆಚಾರ್ಯರಿಗೇ.

ಸಾರಜನಕ ಹಾರುವ ಇನ್ನೊಂದು ಜಾಗ ಹೊಲ. ಬೇಸಿಗೆಯಲ್ಲಿ ಎರೆ ಹೊಲಗಳ ತುಂಬ ಗೊಬ್ಬರದ ಗುಪ್ಪೆಗಳು ಸಾಲಾಗಿ ಕೂತಿರುತ್ತವೆ. ಮಳೆ ಬೀಳುವತನಕ ತಿಂಗಳುಗಟ್ಟಲೆ ಹಾಗೇ. ಒಳ್ಳೆ ಗೊಬ್ಬರದಲ್ಲಿ ಸಾರಜನಕ ಇರುವುದೇ 0.5 ಶೇಕಡಾ. 10 ಟನ್‌ಗೆ 50 ಕಿಲೋ, ಅಂದರೆ ಎರಡೂವರೆ ಚೀಲ ಯೂರಿಯಾದಷ್ಟು. ಬಿಸಿಲಿಗೆ ಅದರಲ್ಲೊಂದು ಪಾಲು ಅಮೋನಿಯಾ ಆಗಿ ಹೋಗುತ್ತದೆ. ಸುಣ್ಣದಂಶ ಜಾಸ್ತಿ ಇರುವ ನಮ್ಮ ಕರಿ ಮಣ್ಣು ಕ್ಷಾರದ ಕಡೆ ವಾಲುತ್ತದೆ, ಅಂಥ ಮಣ್ಣಿನ ಮೇಲೆ ಚೆಲ್ಲಿ ಬಿಟ್ಟರೆ ಅಮೋನಿಯಾ ಇನ್ನೂ ಸಲೀಸಾಗಿ ಹಾರುತ್ತದೆ. ಹರಡಿದ ದಿನವೇ ಕುಂಟೆ ಹೊಡೆದು ಮಣ್ಣಲ್ಲಿ ಬೆರೆಸಿದರೆ ಬಹಳಷ್ಟು ಉಳಿಯುತ್ತದೆ.

ಇದನ್ನೆಲ್ಲ ಹೇಳಿದಾಗ ಕಾಕಾ ನಕ್ಕರು. "ಮಂದಿಗೇ ಕುಡಿಲಾಕ ನೀರಿಲ್ಲ, ತಿಪ್ಪಿಗಿ ಹೊಡಿ ಅಂತಿ." ಮಾತು ಸುಳ್ಳಲ್ಲ. ಆದರೆ ದನ ಹೊರಹಾಕುವ ಸಾರಜನಕದಲ್ಲಿ ಅರ್ಧದಷ್ಟು ಗಂಜಳದಲ್ಲಿರುತ್ತದೆ. ನಮ್ಮ ಕೊಟ್ಟಿಗೆಯ ಮಣ್ಣಿನ ನೆಲ ಅದನ್ನು ಕುಡಿದುಬಿಡುತ್ತದೆ. ದನದ ಕಾಲಡಿ ಹೊಟ್ಟು, ಕಸ ಹಾಸಿ, ನೆನೆದದ್ದನ್ನು ಬೆಳಿಗ್ಗೆ ಸಗಣಿ ಜೊತೆ ತಗ್ಗಿಗೆ ಹಾಕಿದರೆ ನೀರೂ ಬಂತು, ಸಾರಜನಕವೂ ಬಂತು.

ಜೂನ್‌ನಲ್ಲಿ ಕಾಕಾ ತಗ್ಗು ತೋಡಿಸಿದರು. 20 ಅಡಿ ಉದ್ದ, 5 ಅಡಿ ಅಗಲ, 3 ಅಡಿ ಆಳ. ಒಂದು ತುದಿಯಿಂದ ತುಂಬುತ್ತಾ, ನೆಲದಿಂದ ಒಂದೂವರೆ ಅಡಿ ಎದ್ದ ಕಡೆ ಕೆಸರು ಮೆತ್ತುತ್ತಾ ಹೋಗಿದ್ದಾರೆ. ಸೆಪ್ಟೆಂಬರ್‌ನಲ್ಲಿ ಆಗಷ್ಟೇ ತುಂಬಿದ ಕಡೆ ಕಬ್ಬಿಣದ ಸರಳು ಚುಚ್ಚಿ, ಹತ್ತು ನಿಮಿಷ ಬಿಟ್ಟು ಎಳೆದೆವು. ಹಿಡಿಯಲಾಗದೆ ಕಾಕಾ ಕೈ ಕೊಡವಿದರು. ಸಗಣಿಯಲ್ಲಿ ಅರ್ಧ ಮಾತ್ರ ಅಲ್ಲಿಗೆ ಬರುತ್ತಿದೆ. ಉಳಿದರ್ಧವನ್ನು ಕಾಕಿ ಈಗಲೂ ಕುಳ್ಳು ತಟ್ಟುತ್ತಾರೆ. ಅವರಿಗೆ ಇಂಗಾಲ, ಸಾರಜನಕದ ಲೆಕ್ಕ ಹೇಳುವ ಧೈರ್ಯ ನನಗಿನ್ನೂ ಬಂದಿಲ್ಲ.