ಬೀಗ ತೆಗೆಯುವ ದಿನದ ಜಗಳ

ಕೋವಿಡ್ ಕಾಲದಲ್ಲಿ ಸಲಹಾ ಸಮಿತಿಯೊಂದರ ಸದಸ್ಯನಾಗಿ ನಾನು ಕುಳಿತ ಸಭೆಗಳಲ್ಲಿ ಲಾಕ್‌ಡೌನ್ ಹೇರುವ ಕುರಿತ ಚರ್ಚೆ ಬೇಗ ಮುಗಿಯುತ್ತಿತ್ತು. ತೆರವುಗೊಳಿಸುವ ಕುರಿತ ಚರ್ಚೆ ಮಾತ್ರ ವಾರಗಟ್ಟಲೆ ಎಳೆಯುತ್ತಿತ್ತು. ಹೇರುವಾಗ ಎಲ್ಲರ ಕಣ್ಣೆದುರಿಗೂ ಒಂದೇ ಭಯವಿತ್ತು: ತುಂಬಿ ತುಳುಕುವ ಐಸಿಯು. ತೆಗೆಯುವ ಹೊತ್ತಿಗೆ ಒಬ್ಬೊಬ್ಬರ ಕಣ್ಣೆದುರಿಗೆ ಒಂದೊಂದು ನಷ್ಟ ಬಂದು ನಿಂತಿತ್ತು. ಶಿಕ್ಷಕರು ಮಕ್ಕಳ ಕಲಿಕೆಯನ್ನು ನೋಡುತ್ತಿದ್ದರು, ವ್ಯಾಪಾರಿಗಳು ಸಾಲದ ಕಂತನ್ನು ನೋಡುತ್ತಿದ್ದರು, ಶಸ್ತ್ರಚಿಕಿತ್ಸಕರು ಮುಂದೂಡಿದ ಆಪರೇಷನ್‌ಗಳ ಪಟ್ಟಿಯನ್ನು ನೋಡುತ್ತಿದ್ದರು, ಮತ್ತು ನನ್ನಂಥ ಸಾಂಕ್ರಾಮಿಕ ರೋಗಶಾಸ್ತ್ರದವರು ಮುಂದಿನ ಅಲೆಯನ್ನು. ಹೊರಗಿನಿಂದ ನೋಡುವವರಿಗೆ ಇದು ದಿನಾಂಕದ ಜಗಳದಂತೆ ಕಾಣುತ್ತಿತ್ತು. ಒಳಗೆ ಕುಳಿತಿದ್ದ ನನಗೆ ನಿಧಾನವಾಗಿ ತಿಳಿದುಬಂದದ್ದೇನೆಂದರೆ, ಏಕೆ ಮುಚ್ಚಿದೆವು ಎಂಬುದನ್ನು ಮುಚ್ಚುವ ದಿನವೇ ಸ್ಪಷ್ಟವಾಗಿ ಹೇಳಿರದಿದ್ದರಿಂದ, ಯಾವಾಗ ತೆರೆಯಬೇಕು ಎಂಬ ಪ್ರಶ್ನೆಗೆ ಒಪ್ಪಿತವಾದ ಉತ್ತರ ಸಿಗುವಂತೆಯೇ ಇರಲಿಲ್ಲ.

ಲಾಕ್‌ಡೌನ್‌ಗೆ ಕನಿಷ್ಠ ಮೂರು ಬೇರೆ ಬೇರೆ ಉದ್ದೇಶಗಳಿರಬಹುದು. ರೋಗಿಗಳು ಒಮ್ಮೆಲೇ ಬರದಂತೆ ನೋಡಿಕೊಂಡು ಆಸ್ಪತ್ರೆಗಳಿಗೆ ಉಸಿರಾಡಲು ಅವಕಾಶ ಕೊಡುವುದು ಒಂದು. ಲಸಿಕೆ ಬರುವವರೆಗೆ ಸೋಂಕನ್ನು ಕೆಳಮಟ್ಟದಲ್ಲಿ ಅದುಮಿಡುವುದು ಇನ್ನೊಂದು. ಸೋಂಕನ್ನು ಆ ಪ್ರದೇಶದಿಂದಲೇ ಅಳಿಸಿಹಾಕುವುದು ಮೂರನೆಯದು. ಮೊದಲನೆಯದು ಗುರಿಯಾಗಿದ್ದರೆ ಹಾಸಿಗೆಗಳು ಖಾಲಿಯಾಗತೊಡಗಿದೊಡನೆ ತೆರೆಯುವುದು ನ್ಯಾಯ. ಮೂರನೆಯದು ಗುರಿಯಾಗಿದ್ದರೆ, ದಿನಕ್ಕೆ ಹತ್ತು ಪ್ರಕರಣಗಳಿರುವಾಗ ತೆರೆಯುವುದೂ ಪಟ್ಟ ಪಾಡನ್ನೆಲ್ಲ ನೀರಿಗೆ ಹಾಕಿದಂತೆ. 2020ರ ಮೊದಲ ತಿಂಗಳುಗಳಲ್ಲಿ ಹಲವು ದೇಶಗಳು ಮೊದಲ ಉದ್ದೇಶವನ್ನು ಹೇಳಿ ಜನರನ್ನು ಮನೆಯೊಳಗೆ ಕೂರಿಸಿದವು. ಪ್ರಕರಣಗಳು ಇಳಿದ ಮೇಲೆ ಬಾಯಿಬಿಟ್ಟು ಹೇಳದೆಯೇ ಎರಡನೆಯದಕ್ಕೆ ಜಾರಿದವು. ಗೋಲ್ ಕಂಬವನ್ನು ಆಟದ ನಡುವೆ ಸರಿಸಿದರೆಂದು ಜನರು ಸಿಟ್ಟಾದದ್ದನ್ನು ಅವಿವೇಕವೆಂದು ತಳ್ಳಿಹಾಕಲು ನನಗೆ ಆಗಲೂ ಮನಸ್ಸಾಗಿರಲಿಲ್ಲ, ಈಗಲೂ ಆಗುವುದಿಲ್ಲ.

ಗುರಿಯನ್ನು ಬಿಡಿಸಿ ಹೇಳಿದ ಕಡೆಯೂ ಜಗಳ ನಿಲ್ಲಲಿಲ್ಲ, ಆದರೆ ಅದರ ಗುಣ ಬದಲಾಯಿತು. ಆಸ್ಟ್ರೇಲಿಯಾದ ಮೆಲ್ಬರ್ನ್ 2020ರಲ್ಲಿ 112 ದಿನಗಳ ಕಠಿಣ ಲಾಕ್‌ಡೌನ್ ಕಂಡಿತು. ದೊಡ್ಡ ಸಡಿಲಿಕೆಗೆ 14 ದಿನಗಳ ಸರಾಸರಿ ಹೊಸ ಪ್ರಕರಣಗಳು 5ಕ್ಕಿಂತ ಕೆಳಗಿಳಿಯಬೇಕೆಂದು ಆ ನಗರವಿರುವ ವಿಕ್ಟೋರಿಯಾ ರಾಜ್ಯದ ಸರ್ಕಾರ ಸೆಪ್ಟೆಂಬರಿನಲ್ಲೇ ಪ್ರಕಟಿಸಿತ್ತು. ಇದು ಅತಿಯಾಯಿತೆಂದು ವ್ಯಾಪಾರ ಸಂಘಟನೆಗಳೂ ಕೆಲವು ತಜ್ಞರೂ ಬಹಿರಂಗವಾಗಿ ಟೀಕಿಸಿದರು; ಅಕ್ಟೋಬರ್ 26ರಂದು ಹೊಸ ಪ್ರಕರಣ ಸೊನ್ನೆಗೆ ಇಳಿದಾಗ ಸಡಿಲಿಕೆ ಘೋಷಣೆಯಾಯಿತು. ಆ ಬೆಲೆ ತೆರಬೇಕಿತ್ತೇ ಎಂಬ ಬಗ್ಗೆ ಈಗಲೂ ಭಿನ್ನಾಭಿಪ್ರಾಯವಿದೆ, ಆದರೆ ಯಾವುದಕ್ಕಾಗಿ ತೆರುತ್ತಿದ್ದೇವೆ ಎಂಬುದರಲ್ಲಿ ಗೊಂದಲ ಇರಲಿಲ್ಲ.

ಇನ್ನು ಲೆಕ್ಕದ ವಿಷಯಕ್ಕೆ ಬರೋಣ, ಏಕೆಂದರೆ ಸಾರ್ವಜನಿಕ ವಾಗ್ವಾದದಲ್ಲಿ ಅತಿ ಕಡಿಮೆ ಅರ್ಥವಾದದ್ದು ಇದೇ. ಇಂದು ವರದಿಯಾಗುವ ಪ್ರಕರಣ ಇಂದಿನದಲ್ಲ. ಮೂಲ ತಳಿಯಲ್ಲಿ ಸೋಂಕು ತಗುಲಿದ ಮೇಲೆ ಲಕ್ಷಣ ಕಾಣಿಸಿಕೊಳ್ಳಲು ಸರಾಸರಿ 5 ದಿನ ಬೇಕಾಗುತ್ತಿತ್ತು. ಪರೀಕ್ಷೆ ಮಾಡಿಸಿಕೊಂಡು ಫಲಿತಾಂಶ ಪಟ್ಟಿಗೆ ಸೇರಲು ಮತ್ತೆ ಕೆಲವು ದಿನ. ಗಂಭೀರವಾದವರು ಆಸ್ಪತ್ರೆಗೆ ಬರುವುದು ಲಕ್ಷಣ ಕಂಡ ಸುಮಾರು ಒಂದು ವಾರದ ನಂತರ. ಸಾವುಗಳು ಅದಕ್ಕೂ ತಡವಾಗಿ. ಆದ್ದರಿಂದ ಸೋಮವಾರ ನಿರ್ಬಂಧ ಸಡಿಲಿಸಿ, ಮುಂದಿನ ಸೋಮವಾರ ಏನೂ ಆಗಲಿಲ್ಲವಲ್ಲ ಎಂದು ಬೀಗುವವರೂ, ಅದೇ ವಾರ ಏರಿದ ಸಾವಿನ ಸಂಖ್ಯೆಯನ್ನು ಸಡಿಲಿಕೆಯ ತಲೆಗೆ ಕಟ್ಟುವವರೂ ಒಂದೇ ತಪ್ಪನ್ನು ಎದುರುಬದುರು ದಿಕ್ಕಿನಲ್ಲಿ ಮಾಡುತ್ತಿದ್ದರು. ಒಂದು ಹೆಜ್ಜೆಯ ಪರಿಣಾಮ ನೋಡದೆ ಇನ್ನೊಂದು ಹೆಜ್ಜೆ ಇಡಬಾರದೆಂಬ ಕಾರಣಕ್ಕೇ ಇಂಗ್ಲೆಂಡಿನ 2021ರ ಸಡಿಲಿಕೆ ಯೋಜನೆಯಲ್ಲಿ ನಾಲ್ಕು ಹಂತಗಳ ನಡುವೆ ಕನಿಷ್ಠ ಐದು ವಾರಗಳ ಅಂತರವಿತ್ತು: ಅಂಕಿಅಂಶ ನೋಡಲು ನಾಲ್ಕು ವಾರ, ಜನರಿಗೆ ಮುನ್ಸೂಚನೆ ಕೊಡಲು ಒಂದು ವಾರ.

ಇನ್ನೂ ಎರಡು ವಾರ ಕಾಯಿರಿ ಎಂದು ತಜ್ಞರು ಹೇಳಿದಾಗಲೆಲ್ಲ ಜನರು ಕೇಳುತ್ತಿದ್ದುದು ಒಂದೇ ಮಾತು: ಎರಡು ವಾರದಿಂದ ಏನು ಬದಲಾಗುತ್ತದೆ? ಪ್ರಾಮಾಣಿಕವಾದ ಉತ್ತರವೆಂದರೆ, ಕೆಲವೊಮ್ಮೆ ಬಹಳ, ಕೆಲವೊಮ್ಮೆ ಏನೂ ಇಲ್ಲ. ದಿನಕ್ಕೆ 1000 ಹೊಸ ಸೋಂಕುಗಳಿವೆ ಎಂದುಕೊಳ್ಳಿ, ಒಬ್ಬರಿಂದ ಇನ್ನೊಬ್ಬರಿಗೆ ದಾಟಲು ಸರಾಸರಿ 5 ದಿನ ಬೇಕೆಂದು ಇಟ್ಟುಕೊಳ್ಳಿ. ಹಾಗಾದರೆ 15 ದಿನಗಳಲ್ಲಿ ಸೋಂಕು ಮೂರು ಸುತ್ತು ದಾಟುತ್ತದೆ. ಒಬ್ಬ ಸೋಂಕಿತ ಸರಾಸರಿ ಎಷ್ಟು ಮಂದಿಗೆ ಹರಡುತ್ತಾನೆ ಎಂಬುದನ್ನು ಹೇಳುವ ಆರ್ ಸಂಖ್ಯೆ ನಿರ್ಬಂಧದ ಅಡಿಯಲ್ಲಿ 0.8 ಇದ್ದರೆ, 15 ದಿನ ಕಾಯುವುದರಿಂದ 1000 ಎಂಬುದು 512ಕ್ಕೆ ಇಳಿಯುತ್ತದೆ. ಅನಂತರ ತೆರೆದು ಆರ್ 1.2ಕ್ಕೆ ಏರಿದರೂ ಮತ್ತೆ 1000 ಮುಟ್ಟಲು ಸುಮಾರು 18 ದಿನ ಹಿಡಿಯುತ್ತದೆ. ಮೊದಲ ದಿನವೇ ತೆರೆದಿದ್ದರೆ, ಆ ಹೊತ್ತಿಗೆ, ಅಂದರೆ ಸುಮಾರು 33ನೇ ದಿನಕ್ಕೆ, ಸಂಖ್ಯೆ 3300ರ ಆಸುಪಾಸಿನಲ್ಲಿರುತ್ತಿತ್ತು. ಅದೇ ನಿರ್ಬಂಧದ ಅಡಿಯಲ್ಲಿ ಆರ್ 0.95 ಇದೆಯೆಂದುಕೊಳ್ಳಿ. 15 ದಿನ ಕಾದರೂ 1000 ಇಳಿಯುವುದು 857ಕ್ಕೆ ಮಾತ್ರ. ತೆರೆದ ನಾಲ್ಕೇ ದಿನಗಳಲ್ಲಿ ಮೊದಲಿದ್ದಲ್ಲಿಗೆ ಬಂದು ನಿಲ್ಲುತ್ತೇವೆ. ಮೊದಲ ಸನ್ನಿವೇಶದಲ್ಲಿ ಎರಡು ವಾರದ ಕಷ್ಟ ಎರಡೂವರೆ ವಾರದ ಬಿಡುವನ್ನು ಕೊಡುತ್ತದೆ, ಎರಡನೆಯದರಲ್ಲಿ ನಾಲ್ಕು ದಿನವನ್ನು. ಒಂದೇ ಸಲಹೆ ಒಂದು ಕಡೆ ವಿವೇಕ, ಇನ್ನೊಂದು ಕಡೆ ಬರೀ ಶಿಕ್ಷೆ.

ಇದನ್ನು ಇಷ್ಟು ವಿವರಿಸಲು ಕಾರಣವಿದೆ. ಪ್ರಕರಣ ಎಷ್ಟಿವೆ ಎಂಬುದರ ಮೇಲೆ ನಡೆದ ವಾದದಲ್ಲಿ ನೂರನೇ ಒಂದು ಪಾಲೂ ಅವು ಎಷ್ಟು ವೇಗವಾಗಿ ಇಳಿಯುತ್ತಿವೆ ಎಂಬುದರ ಮೇಲೆ ನಡೆಯಲಿಲ್ಲ. ಇಳಿಕೆ ಚುರುಕಾಗಿದ್ದಾಗ ಇನ್ನೂ ಸ್ವಲ್ಪ ತಡೆಯುವುದು ಲಾಭದಾಯಕ. ಇಳಿಕೆ ತೆವಳುತ್ತಿದ್ದಾಗ, ಲಸಿಕೆ ಹಾಕುವುದೋ ಸಂಪರ್ಕಿತರ ಪತ್ತೆಯನ್ನು ಬಲಪಡಿಸುವುದೋ ಬೇರೇನಾದರೂ ನಡೆಯದೆ ಸುಮ್ಮನೆ ಮುಚ್ಚಿಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಆದರೆ ರಾಜಕಾರಣ ಇದಕ್ಕೆ ತದ್ವಿರುದ್ಧವಾಗಿ ನಡೆಯುತ್ತದೆ: ಸಂಖ್ಯೆ ಚೆನ್ನಾಗಿ ಇಳಿಯುತ್ತಿರುವಾಗಲೇ ತೆರೆಯುವ ಒತ್ತಡ ಅತಿ ಹೆಚ್ಚು.

ಜನರಿಗೆ ಈ ಲೆಕ್ಕ ಅರ್ಥವಾಗುವುದಿಲ್ಲ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. 2020ರ ಏಪ್ರಿಲ್ ಮಧ್ಯದಲ್ಲಿ ಜರ್ಮನಿಯ ಚಾನ್ಸಲರ್ ಏಂಜೆಲಾ ಮರ್ಕೆಲ್ ಅದನ್ನು ಪತ್ರಿಕಾಗೋಷ್ಠಿಯಲ್ಲಿ ಸರಳವಾಗಿ ಹೇಳಿದರು: ಆರ್ 1.1 ಆದರೆ ಅಕ್ಟೋಬರಿನಲ್ಲಿ, 1.2 ಆದರೆ ಜುಲೈನಲ್ಲಿ, 1.3 ಆದರೆ ಜೂನ್‌ನಲ್ಲೇ ತಮ್ಮ ಆಸ್ಪತ್ರೆಗಳ ಸಾಮರ್ಥ್ಯದ ಮಿತಿ ಮುಟ್ಟುತ್ತದೆ. ಮುಂದಿನ ತಿಂಗಳು ಅದೇ ದೇಶ, ಒಂದು ಜಿಲ್ಲೆಯಲ್ಲಿ ವಾರಕ್ಕೆ ಲಕ್ಷ ಜನರಿಗೆ 50ಕ್ಕಿಂತ ಹೆಚ್ಚು ಹೊಸ ಸೋಂಕು ಕಂಡರೆ ಅಲ್ಲಿ ನಿರ್ಬಂಧ ಮರಳಿ ಬರುತ್ತದೆಂದು ನಿಗದಿಪಡಿಸಿತು. ಸೋಂಕು ಅಷ್ಟರೊಳಗಿದ್ದರೆ ಸ್ಥಳೀಯ ಆರೋಗ್ಯ ಕಚೇರಿಗಳು ಸಂಪರ್ಕಿತರನ್ನು ಹುಡುಕಬಲ್ಲವು ಎಂಬುದೇ ಆ ಸಂಖ್ಯೆಯ ಹಿಂದಿದ್ದ ಕಾರಣ. ಕಾರಣದೊಂದಿಗೆ ಬಂದ ಸಂಖ್ಯೆಯ ಜೊತೆ ವಾದಿಸಬಹುದು. ಸಮಿತಿಯ ಬಾಗಿಲಿನಿಂದ ಬರಿಗೈಯಲ್ಲಿ ಹೊರಬಿದ್ದ ಸಂಖ್ಯೆಯನ್ನು ನಂಬಬಹುದು ಅಥವಾ ತಿರಸ್ಕರಿಸಬಹುದು, ಅಷ್ಟೆ.

ಸಂಖ್ಯೆಯನ್ನು ಬಾಗಿಲ ಕೀಲಿ ಮಾಡಿದೊಡನೆ ಅದು ಕೆಡತೊಡಗುತ್ತದೆ ಎಂಬುದನ್ನೂ ಹೇಳಬೇಕು. 2020ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಂಸ್ಥೆ, ನಿರ್ಬಂಧ ಸಡಿಲಿಸುವ ಮುನ್ನ ಕನಿಷ್ಠ ಎರಡು ವಾರ ಪರೀಕ್ಷಾ ಪಾಸಿಟಿವಿಟಿ ದರ (ನಡೆಸಿದ ಪರೀಕ್ಷೆಗಳಲ್ಲಿ ಸೋಂಕು ಕಂಡುಬಂದವುಗಳ ಪಾಲು) ಶೇ 5ಕ್ಕಿಂತ ಕಡಿಮೆ ಇರಬೇಕೆಂದಿತು. ಸಮರ್ಪಕವಾಗಿ ಪರೀಕ್ಷೆ ನಡೆಯುತ್ತಿದ್ದರೆ ಇದು ಒಳ್ಳೆಯ ಅಳತೆ. ಆದರೆ ಲಕ್ಷಣವೇ ಇಲ್ಲದ, ಸೋಂಕಿನ ಸಾಧ್ಯತೆಯೂ ಕಡಿಮೆ ಇರುವವರನ್ನು ಸಾಲಾಗಿ ನಿಲ್ಲಿಸಿ ಪರೀಕ್ಷಿಸಿದರೆ, ಒಬ್ಬ ರೋಗಿಯೂ ಕಡಿಮೆಯಾಗದೆ ದರ ಇಳಿಯುತ್ತದೆ. ದರ ಇಳಿದ ಖುಷಿಯಲ್ಲಿ ನಾವಿದ್ದ ಒಂದು ವಾರ, ವಾರ್ಡಿನ ಹಾಸಿಗೆಗಳ ಲೆಕ್ಕ ಮಾತ್ರ ಅಲ್ಲಾಡದೆ ನಿಂತಿತ್ತು. ಯಾರೂ ಮೋಸ ಮಾಡಿರಲಿಲ್ಲ. ದರ ಇಳಿಸಬೇಕೆಂಬ ಒತ್ತಡವಿದ್ದ ಕಡೆ ಪರೀಕ್ಷೆ ಸುಲಭವಾದ ಜನರತ್ತ ತಾನಾಗಿ ಹರಿದಿತ್ತು. ಅಂದಿನಿಂದ ನಾನು ಪಾಸಿಟಿವಿಟಿ ದರವನ್ನು ಒಂಟಿಯಾಗಿ ಓದುವುದನ್ನು ಬಿಟ್ಟೆ. ಆಸ್ಪತ್ರೆಗೆ ದಾಖಲಾಗುವವರ ಸಂಖ್ಯೆ ತಡವಾಗಿ ಬರುತ್ತದೆ, ನಿಜ, ಆದರೆ ಅದನ್ನು ಅಲಂಕರಿಸುವುದು ಕಷ್ಟ.

ತಜ್ಞರ ಮುನ್ನೋಟ ಎಷ್ಟು ನಿಖರ ಎಂಬುದಕ್ಕೆ ಯೂರೋಪಿನ 2021ರ ಬೇಸಿಗೆಯ ಎರಡು ಉದಾಹರಣೆಗಳನ್ನು ಅಕ್ಕಪಕ್ಕ ಇಡುತ್ತೇನೆ. ನೆದರ್ಲೆಂಡ್ಸ್ ಜೂನ್ 26ರಂದು ನೈಟ್‌ಕ್ಲಬ್‌ಗಳನ್ನೂ ಸೇರಿಸಿ ಹೆಚ್ಚಿನ ನಿರ್ಬಂಧಗಳನ್ನು ತೆಗೆಯಿತು. ಡೆಲ್ಟಾ ತಳಿ ಹರಡುತ್ತಿದ್ದ ಆ ಹೊತ್ತಿನಲ್ಲಿ ಎರಡೇ ವಾರಗಳಲ್ಲಿ ಪ್ರಕರಣಗಳು ಹಲವು ಪಟ್ಟು ಏರಿ, ಕ್ಲಬ್‌ಗಳನ್ನು ಮತ್ತೆ ಮುಚ್ಚಬೇಕಾಯಿತು, ಪ್ರಧಾನಿ ಮಾರ್ಕ್ ರುಟ್ಟೆ ಅಂದಾಜು ತಪ್ಪಿತೆಂದು ಕ್ಷಮೆ ಕೇಳಿದರು. ಇಂಗ್ಲೆಂಡ್ ಜುಲೈ 19ರಂದು ಬಹುತೇಕ ಎಲ್ಲ ಕಾನೂನು ನಿರ್ಬಂಧಗಳನ್ನು ತೆಗೆಯಲು ಹೊರಟಾಗ ನೂರಕ್ಕೂ ಹೆಚ್ಚು ವಿಜ್ಞಾನಿಗಳು ಮತ್ತು ವೈದ್ಯರು ಲ್ಯಾನ್ಸೆಟ್ ವೈದ್ಯಕೀಯ ಪತ್ರಿಕೆಯಲ್ಲಿ ಅದನ್ನು ಅಪಾಯಕಾರಿಯೆಂದು ಖಂಡಿಸಿದರು; ದಿನಕ್ಕೆ ಒಂದು ಲಕ್ಷ ಪ್ರಕರಣದ ಮಾತು ಸರ್ಕಾರದ ಒಳಗೂ ಹೊರಗೂ ಕೇಳಿಬಂತು. ಆಗಿದ್ದೇ ಬೇರೆ: ಮುಂದಿನ ಎರಡು ವಾರಗಳಲ್ಲಿ ಪ್ರಕರಣಗಳು ಇಳಿದವು. ಯೂರೋ ಫುಟ್‌ಬಾಲ್ ಟೂರ್ನಿ ಮುಗಿದದ್ದು, ಶಾಲೆಗಳಿಗೆ ರಜೆ ಬಂದದ್ದು, ಜನರು ತಾವಾಗಿಯೇ ಎಚ್ಚರ ವಹಿಸಿದ್ದು ಎಂಬ ಹಲವು ಕಾರಣಗಳನ್ನು ನಂತರ ಮುಂದಿಟ್ಟರು. ಸಾಂಕ್ರಾಮಿಕದಲ್ಲಿ ಜನರ ನಡವಳಿಕೆ ಸರ್ಕಾರದ ಆದೇಶದ ನೆರಳಲ್ಲ. ಆದೇಶಕ್ಕೆ ಮುಂಚೆಯೇ ಅವರು ಮನೆಯೊಳಗೆ ಸರಿಯುತ್ತಾರೆ, ಆದೇಶ ಹೋದ ಮೇಲೂ ಹಲವರು ಹೊರಬರುವುದಿಲ್ಲ. ಆ ಬೇಸಿಗೆಯಲ್ಲಿ ನನ್ನ ಅಂದಾಜೂ ತಪ್ಪಿತ್ತು ಎಂದು ದಾಖಲಿಸುವುದು ಒಳ್ಳೆಯದು.

ಅಪಾಯದ ಅಳತೆಯಲ್ಲಿ ಎಲ್ಲರೂ ಒಪ್ಪಿದರೂ ಜಗಳ ಉಳಿಯುತ್ತದೆ, ಏಕೆಂದರೆ ನಷ್ಟ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ. ಸೋಂಕು ಹೆಚ್ಚಾಗಿ ಕೊಂದದ್ದು ಹಿರಿಯರನ್ನು. ಮುಚ್ಚುವಿಕೆಯ ಭಾರ ಹೆಚ್ಚಾಗಿ ಬಿದ್ದದ್ದು ಮಕ್ಕಳ ಮೇಲೆ, ದಿನದ ದುಡಿಮೆಯನ್ನು ನಂಬಿದವರ ಮೇಲೆ. ಯುನೆಸ್ಕೋ ಲೆಕ್ಕದ ಪ್ರಕಾರ 2020ರ ವಸಂತದಲ್ಲಿ ಜಗತ್ತಿನಾದ್ಯಂತ ಏಕಕಾಲಕ್ಕೆ 150 ಕೋಟಿಗೂ ಹೆಚ್ಚು ವಿದ್ಯಾರ್ಥಿಗಳ ಶಾಲೆ, ಕಾಲೇಜುಗಳು ಮುಚ್ಚಿದ್ದವು. ಡೆನ್ಮಾರ್ಕ್ ಅದೇ ಏಪ್ರಿಲ್ 15ರಂದು ಚಿಕ್ಕ ಮಕ್ಕಳ ಶಾಲೆ ಮತ್ತು ಶಿಶುಪಾಲನಾ ಕೇಂದ್ರಗಳನ್ನು ಮೊದಲು ತೆರೆಯಿತು. ಹಲವೆಡೆ ಬಾರ್ ಮತ್ತು ಅಂಗಡಿಗಳು ತೆರೆದು ತಿಂಗಳುಗಳಾದರೂ ಶಾಲೆಯ ಗೇಟು ಮುಚ್ಚಿಯೇ ಇತ್ತು. ವೈರಸ್‌ನ ಗುಣವನ್ನು ಎಷ್ಟು ಓದಿದರೂ ಈ ಸರದಿಯನ್ನು ಅದು ಹೇಳಿಕೊಡುವುದಿಲ್ಲ. ಯಾವುದು ಮೊದಲು ಎಂಬುದು ಸಮಾಜ ತನ್ನ ಬೆಲೆಗಳನ್ನು ತೂಗಿ ಮಾಡುವ ತೀರ್ಮಾನ, ಮತ್ತು ಅದನ್ನು ವಿಜ್ಞಾನವೇ ಹೇಳಿತೆಂದು ನಾವು ತಜ್ಞರು ಸಹಿ ಹಾಕಿಕೊಟ್ಟಾಗಲೆಲ್ಲ ನಮ್ಮ ಮೇಲಿನ ವಿಶ್ವಾಸವನ್ನು ನಾವೇ ಖರ್ಚು ಮಾಡಿದೆವು. 2020ರ ಅಕ್ಟೋಬರಿನಲ್ಲಿ ತಜ್ಞರ ಎರಡು ಬಣಗಳು ಎದುರಾಬದುರು ಹೇಳಿಕೆ ಹೊರಡಿಸಿದಾಗ ಆದದ್ದೂ ಇದೇ. ಗ್ರೇಟ್ ಬ್ಯಾರಿಂಗ್ಟನ್ ಘೋಷಣೆ ಅಪಾಯದಲ್ಲಿರುವವರನ್ನು ಮಾತ್ರ ರಕ್ಷಿಸಿ ಉಳಿದವರನ್ನು ಬಿಡಿ ಎಂದಿತು. ಜಾನ್ ಸ್ನೋ ಹೆಸರಿನ ಮನವಿ ಅದನ್ನು ಅಪಾಯಕಾರಿ ಭ್ರಮೆ ಎಂದಿತು. ಹಿರಿಯರೂ ಕಿರಿಯರೂ ಒಂದೇ ಸೂರಿನಡಿ ಬದುಕುವ ಮನೆಗಳಲ್ಲಿ ಆ ಗೆರೆಯನ್ನು ಎಲ್ಲಿ ಎಳೆಯುವುದೆಂದು ಘೋಷಣೆ ಸರಿಯಾಗಿ ಹೇಳಲಿಲ್ಲವಾದ್ದರಿಂದ ನಾನು ಎರಡನೆಯ ಬಣದ ಕಡೆಗಿದ್ದೆ. ಆದರೆ ಮುಚ್ಚುವಿಕೆಯ ಹಾನಿಯ ಬಗ್ಗೆ ಮೊದಲ ಬಣ ಎತ್ತಿದ ಪ್ರಶ್ನೆಗಳಿಗೆ ನಮ್ಮ ಕಡೆಯಿಂದ ಹೋದ ಉತ್ತರಗಳು ತೆಳುವಾಗಿದ್ದವು.

ಈ ಜಗಳ ಹೊಸದೂ ಅಲ್ಲ. ಸ್ಯಾನ್ ಫ್ರಾನ್ಸಿಸ್ಕೋ ನಗರ 1918ರ ನವೆಂಬರ್ 21ರ ಮಧ್ಯಾಹ್ನ ಇನ್‌ಫ್ಲುಯೆಂಜಾ ಮಾಸ್ಕ್ ಆದೇಶವನ್ನು ಸೈರನ್ ಮೊಳಗಿಸಿ ತೆಗೆದುಹಾಕಿತು, ಜನರು ಬೀದಿಯಲ್ಲೇ ಮಾಸ್ಕ್ ಕಿತ್ತೆಸೆದರು. ಜನವರಿಯಲ್ಲಿ ಪ್ರಕರಣಗಳು ಮತ್ತೆ ಏರಿದಾಗ ಆದೇಶ ಮರಳಿ ಬಂತು, ಮತ್ತು ಅದರೊಂದಿಗೆ ಮಾಸ್ಕ್ ವಿರೋಧಿ ಸಂಘವೂ ಹುಟ್ಟಿಕೊಂಡಿತು. ಮೊದಲ ಸಲ ಹಾಕಿಕೊಂಡವರೇ ಎರಡನೆಯ ಸಲ ಬೀದಿಗಿಳಿದು ವಿರೋಧಿಸಲು ಒಂದು ಕಾರಣವನ್ನು ನಾನು ಊಹಿಸಬಲ್ಲೆ: ಸೈರನ್ ಮೊಳಗಿದಾಗ ಎಲ್ಲವೂ ಮುಗಿಯಿತೆಂಬ ಭಾವನೆ ಬಂದಿತ್ತು.

ಈಗ ಯಾರಾದರೂ ಯಾವಾಗ ತೆರೆಯಬೇಕೆಂದು ಕೇಳಿದರೆ ನಾನು ಮೂರು ಕಾಗದ ಕೇಳುತ್ತೇನೆ. ಮುಚ್ಚಿದ ದಿನ ಹೊರಡಿಸಿದ ಆದೇಶ, ಅದರಲ್ಲಿ ಉದ್ದೇಶ ಬರೆದಿದೆಯೇ ಎಂದು ನೋಡಲು. ಕಳೆದ ಮೂರು ವಾರಗಳ ಆಸ್ಪತ್ರೆ ದಾಖಲಾತಿಯ ಪಟ್ಟಿ, ಇಳಿಜಾರು ಎಷ್ಟು ಕಡಿದಾಗಿದೆ ಎಂದು ನೋಡಲು. ಮೂರನೆಯದು ಸಾಮಾನ್ಯವಾಗಿ ಯಾರ ಬಳಿಯೂ ಇರುವುದಿಲ್ಲ: ಯಾವ ಸಂಖ್ಯೆ ಮುಟ್ಟಿದರೆ, ಯಾವ ನಿರ್ಬಂಧ, ಎಷ್ಟು ದಿನಕ್ಕೆ ಮರಳಿ ಬರುತ್ತದೆ ಎಂದು ತೆರೆಯುವ ಮುನ್ನವೇ ಬರೆದು, ಜನರಿಗೆ ಓದಿ ಹೇಳಿ, ಸಹಿ ಹಾಕಿದ ಕಾಗದ.